ನಿನ್ನೆಯ ಮಳೆಯ ಪಕ್ಕದಲ್ಲಿ ಇನ್ನೊಂದು ಅಂಕಿ: ಕೊಡಗಿನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ – ಇವರಿಗೆ,

ಮಾನ್ಯರೇ,

ಮುಂಗಾರು ಹಿಡಿದ ಮೇಲೆ ಜಿಲ್ಲಾಡಳಿತದ ವತಿಯಿಂದ ಪ್ರತಿದಿನ ಹೊರಡುವ ಮಳೆ ವಿವರದ ಪ್ರಕಟಣೆಯನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಭಾಗಮಂಡಲ, ನಾಪೋಕ್ಲು, ಸಂಪಾಜೆ, ಶಾಂತಳ್ಳಿ, ಶ್ರೀಮಂಗಲ ಎಂದು ಹೋಬಳಿವಾರು ಕಳೆದ 24 ಗಂಟೆಗಳ ಮಳೆ, ಕಳೆದ ವರ್ಷ ಇದೇ ದಿನದ ಮಳೆ, ಜನವರಿಯಿಂದ ಇಲ್ಲಿಯವರೆಗಿನ ಒಟ್ಟು ಮಳೆ, ಕೊನೆಗೆ 2,859 ಅಡಿ ಗರಿಷ್ಠ ಮಟ್ಟದ ಹಾರಂಗಿ ಜಲಾಶಯದ ಇಂದಿನ ಮಟ್ಟ ಮತ್ತು ಒಳಹರಿವು. ಇಷ್ಟು ಶಿಸ್ತಿನಿಂದ ದಿನನಿತ್ಯ ಜನರ ಕೈಸೇರುವ ಸರ್ಕಾರಿ ಬರಹ ಬಹಳ ಇಲ್ಲ ಎಂಬುದನ್ನು ಮೊದಲು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಆ ಪ್ರಕಟಣೆಯಲ್ಲಿ ಒಂದು ಕಾಲಂ ಕಡಿಮೆ ಇದೆ. ಪ್ರತಿ ಹೋಬಳಿಯ ಎದುರು ಕಳೆದ ಮೂರು ದಿನಗಳ ಮತ್ತು ಕಳೆದ ಹತ್ತು ದಿನಗಳ ಒಟ್ಟು ಮಳೆಯನ್ನೂ ಪ್ರಕಟಿಸಬೇಕೆಂಬುದು ನನ್ನ ಕೋರಿಕೆ. ನೋಡಲು ಸಣ್ಣದಾಗಿ ಕಾಣುವ ಈ ಕೋರಿಕೆಯನ್ನು ಬಹಿರಂಗವಾಗಿ ಏಕೆ ಮುಂದಿಡುತ್ತಿದ್ದೇನೆ ಎಂಬುದನ್ನು ತುಸು ವಿವರವಾಗಿ ಹೇಳಲು ಅಪ್ಪಣೆ ಬೇಡುತ್ತೇನೆ.

ಈಗಿರುವ ಎರಡು ಅಂಕಿಗಳಲ್ಲಿ ಒಂದು ತೀರ ಗಿಡ್ಡ, ಇನ್ನೊಂದು ತೀರ ಉದ್ದ. ಬೆಳಿಗ್ಗೆ ಎಂಟೂವರೆಗೆ ಮುಗಿಯುವ 24 ಗಂಟೆಗಳ ಅಳತೆಯು ನಿನ್ನೆ ಎಷ್ಟು ಸುರಿಯಿತು ಎಂಬುದನ್ನು ಹೇಳುತ್ತದೆಯೇ ಹೊರತು, ಅದು ಬಿದ್ದದ್ದು ಒಣಗಿದ ಮಣ್ಣಿನ ಮೇಲೋ ನೆನೆದು ಕೆಸರಾದ ಮಣ್ಣಿನ ಮೇಲೋ ಎಂಬುದನ್ನು ಹೇಳುವುದಿಲ್ಲ. ಜನವರಿಯಿಂದ ಕೂಡಿಸುತ್ತ ಬಂದ ಅಂಕಿಯಲ್ಲಿ ಕಾಫಿ ಹೂವರಳಿಸುವ ಮಾರ್ಚಿಯ ಹೂಮಳೆಯೂ ಏಪ್ರಿಲಿನ ಗುಡುಗು ಮಳೆಯೂ ಸೇರಿರುತ್ತವೆ. ಆ ನೀರು ಯಾವಾಗಲೋ ಆವಿಯಾಗಿಯೋ ಕಾವೇರಿಯ ಪಾಲಾಗಿಯೋ ಹೋಗಿರುತ್ತದೆ. ಗುಡ್ಡದ ಇಳಿಜಾರಿಗೆ ಬೇಕಾದ ಲೆಕ್ಕ ಇವೆರಡರ ನಡುವೆ ಇದೆ. ಎರಡು ಊರುಗಳಲ್ಲಿ ನಿನ್ನೆ ಮೂರು ಮೂರು ಇಂಚು ಮಳೆಯಾಯಿತು ಎಂದುಕೊಳ್ಳೋಣ. ಒಂದೂರಿನಲ್ಲಿ ಅದಕ್ಕೆ ಮೊದಲು ವಾರವಿಡೀ ಬಿಸಿಲಿತ್ತು, ಇನ್ನೊಂದರಲ್ಲಿ ಹತ್ತು ದಿನಗಳಿಂದ ಬಿಡದೆ ಸುರಿದು ಮಣ್ಣಿನೊಳಗೆ ಇನ್ನೊಂದು ಹನಿಗೂ ಜಾಗವಿರಲಿಲ್ಲ. ಪ್ರಕಟಣೆಯಲ್ಲಿ ಈ ಎರಡೂ ಊರುಗಳು 76 ಮಿಲಿಮೀಟರ್ ಎಂದು ಅಕ್ಕಪಕ್ಕದಲ್ಲಿ ಒಂದೇ ಮುಖ ಹೊತ್ತು ಕುಳಿತಿರುತ್ತವೆ. ಅಪಾಯವಿರುವುದು ಎರಡನೆಯ ಊರಿಗೆ.

ಒಂದು ಎಕರೆ ಜಾಗದ ಮೇಲೆ ಒಂದು ಇಂಚು ಮಳೆ ಎಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಭಾರತೀಯ ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ ಎಂದು ವಿಂಗಡಿಸುತ್ತದೆ. ಇಂಚಿನ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುವ ನಮ್ಮ ತೋಟಗಳ ಭಾಷೆಯಲ್ಲಿ ಹೇಳುವುದಾದರೆ ಎರಡು ಇಂಚು ಐವತ್ತನಾಲ್ಕು ಸೆಂಟ್, ನಾಲ್ಕು ಇಂಚು ಐವತ್ತೈದು ಸೆಂಟ್, ಎಂಟು ಇಂಚು ಐದು ಸೆಂಟ್. ಎಂಟು ಇಂಚು ಸುರಿದ ದಿನ ಎಕರೆಗೆ ಎಂಟು ಲಕ್ಷ ಲೀಟರ್ ನೀರಿನ ಭಾರ ಬೀಳುತ್ತದೆ. ಅದರಲ್ಲಿ ಒಂದಷ್ಟು ಹರಿದು ತೋಡು ಸೇರುತ್ತದೆ, ಉಳಿದದ್ದು ಇಂಗುತ್ತದೆ. ಇಂಗಿದ ನೀರು ಕೆಳಗಿನ ಬಂಡೆಯನ್ನು ಮುಟ್ಟಿ ಮುಂದೆ ದಾರಿ ಸಿಗದೆ ನಿಂತಾಗ, ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗಿ ಇಡೀ ಪದರವೇ ಜಾರುತ್ತದೆ. ಹೀಗಾಗಿ ಗುಡ್ಡ ಜರಿಯುವುದು ಮಳೆ ಅತ್ಯಂತ ಜೋರಾಗಿದ್ದ ದಿನವೇ ಆಗಬೇಕೆಂದಿಲ್ಲ. ಮಳೆ ಹಿಂದೆಗೆದು ಜನ ನಿಟ್ಟುಸಿರುಬಿಟ್ಟ ಮರುದಿನವೂ ಆಗಬಹುದು.

ಮೂರು ವರ್ಷ ಸಾಲಾಗಿ ಈ ಜಿಲ್ಲೆ ಅದನ್ನು ಕಂಡಿದೆ. 2018ರ ಆಗಸ್ಟ್ ಮಧ್ಯಭಾಗದಲ್ಲಿ ಮಕ್ಕಂದೂರು, ಉದಯಗಿರಿ, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದವು, ಮಡಿಕೇರಿ–ಮಂಗಳೂರು ಹೆದ್ದಾರಿ ತುಂಡಾಯಿತು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಬ್ರಹ್ಮಗಿರಿ. ಮೂರೂ ದುರಂತಗಳು ಹೆಚ್ಚುಕಡಿಮೆ ಆಗಸ್ಟ್ ಆರಂಭದಲ್ಲಿ ಹುಟ್ಟುವ ಆಶ್ಲೇಷ ಮಳೆಯ ಹದಿನಾಲ್ಕು ದಿನಗಳೊಳಗೆ, ಹೆಚ್ಚೆಂದರೆ ಅದರ ಮುಂದಿನ ಮಖೆ ಹುಟ್ಟುವ ಹೊತ್ತಿಗೆ ನಡೆದವು ಎಂಬುದು ಪಂಚಾಂಗ ನೋಡುವ ಯಾರಿಗೂ ತಿಳಿಯುತ್ತದೆ. ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದ 2024ರ ಜುಲೈ 30 ಕೂಡ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಕಕ್ಕಡ ತಿಂಗಳೊಳಗಿನ ದಿನವೇ. ನಕ್ಷತ್ರಕ್ಕೆ ಗುಡ್ಡ ಜರಿಸುವ ಶಕ್ತಿಯಿದೆ ಎಂದು ನಾನು ಹೇಳುತ್ತಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಜೂನ್ ತಿಂಗಳಿಂದ ಒಂದರ ಮೇಲೊಂದು ಮಳೆಯನ್ನು ಕುಡಿದ ಮಣ್ಣು ಆಗಸ್ಟಿನ ಹೊತ್ತಿಗೆ ಸೋಲುತ್ತದೆ ಎಂಬ ಸರಳ ಸಂಗತಿಯನ್ನು ಈ ದಿನಾಂಕಗಳು ತೋರಿಸುತ್ತವೆ. ಕಕ್ಕಡದಲ್ಲಿ ಶುಭಕಾರ್ಯ ಬೇಡ, ದೂರ ಪ್ರಯಾಣ ಬೇಡ, ಮದ್ದುಸೊಪ್ಪಿನ ಪಾಯಸ ಉಂಡು ಮನೆಯಲ್ಲಿರಿ ಎಂದ ಹಿರಿಯರ ಬಳಿ ಮಳೆಮಾಪಕ ಇರಲಿಲ್ಲ, ಆದರೆ ಒಟ್ಟು ಮಳೆಯ ಅಂದಾಜು ಇತ್ತು.

ಮುಂಗಾರು ಬೇಗ ಬಂದ ವರ್ಷ ಈ ಲೆಕ್ಕ ಇನ್ನಷ್ಟು ಮುಖ್ಯವಾಗುತ್ತದೆ. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಕಾಲಿಟ್ಟಿತು. ಹಾಗೆ ಬಂದಾಗ ಮಣ್ಣು ನೆನೆಯುವ ಕೆಲಸ ಒಂದು ವಾರ ಮೊದಲೇ ಶುರುವಾಗುತ್ತದೆ. ಆಗಸ್ಟ್ ಬರಲಿ ನೋಡೋಣ ಎಂಬ ನಮ್ಮ ಅಭ್ಯಾಸದ ಧೈರ್ಯ ಅಂಥ ವರ್ಷಗಳಲ್ಲಿ ಸಲ್ಲದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಎಂದರೆ ಎಲ್ಲರ ಬಾಯಿಗೆ ಬರುವ ಹೆಸರು ಭಾಗಮಂಡಲ. ಆದರೆ 2018ರಲ್ಲಿ ಹೆಚ್ಚಿನ ಗುಡ್ಡಗಳು ಜಾರಿದ್ದು ಅಲ್ಲಲ್ಲ, ಮಕ್ಕಂದೂರು ಮುಕ್ಕೋಡ್ಲುಗಳ ಕಡೆ. ಪ್ರತಿ ಊರಿನ ಮಣ್ಣಿಗೂ ತನ್ನದೇ ಮಳೆಯ ರೂಢಿಯಿದೆ. ಭಾಗಮಂಡಲದ ತೋಡುಗಳಿಗೆ ಮಾಮೂಲಾದ ಮಳೆ ಬೇರೆ ಊರಿನ ತೋಡಿಗೆ ಪ್ರಳಯ. ಆದ್ದರಿಂದ ಹತ್ತು ದಿನಗಳ ಮಳೆಯ ಪಕ್ಕದಲ್ಲಿ ಆ ಹೋಬಳಿಯಲ್ಲಿ ಆ ಹತ್ತು ದಿನಗಳಿಗೆ ರೂಢಿಯ ಮಳೆ ಎಷ್ಟು ಎಂಬುದನ್ನೂ ಬರೆದರೆ, ಓದುವವನಿಗೆ ಅಪಾಯ ತಾನಾಗಿ ತಿಳಿಯುತ್ತದೆ. ಎಷ್ಟು ಇಂಚಾದರೆ ಮನೆ ಬಿಡಬೇಕು ಎಂಬ ಗೆರೆಯನ್ನು ಎಳೆಯುವವನು ನಾನಲ್ಲ. ಅದು ಭೂವಿಜ್ಞಾನ ಬಲ್ಲವರ ಕೆಲಸ. ಗೆರೆ ಎಳೆಯುವವರೆಗೆ ಅಂಕಿಯನ್ನಾದರೂ ಜನರ ಮುಂದಿಡಿ ಎಂಬುದಷ್ಟೇ ನನ್ನ ಬೇಡಿಕೆ.

ಅಂಕಿ ಎಲ್ಲಿಂದ ಬರಬೇಕು ಎಂದು ತಾವು ಕೇಳಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಮಾಹಿತಿ ಕಳುಹಿಸುವ ಮಳೆಮಾಪಕಗಳನ್ನು ಅಳವಡಿಸಿದೆ. ಅದು ಮೊದಲನೆಯ ಮೂಲ. ಎರಡನೆಯದು, ಈ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಹಳೆಯದು, ಬೆಳೆಗಾರರ ಮನೆಗಳಲ್ಲಿದೆ. ಕೊಡಗಿನ ಬೆಳೆಗಾರನ ಅಂಗಳದಲ್ಲಿ ಮಳೆಮಾಪಕ ಇರುವುದು ಶೋಕಿಗಲ್ಲ. ಫೆಬ್ರವರಿ–ಮಾರ್ಚಿಯಲ್ಲಿ ಒಂದು ಇಂಚಿನ ಆಸುಪಾಸು ಹೂಮಳೆ ಬಿದ್ದರೆ ರೊಬಸ್ಟಾ ಕಾಫಿ ಅರಳುತ್ತದೆ, ಇಪ್ಪತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧಕ್ಕೇ ಕೆಡುತ್ತದೆ, ಆಗ ಸ್ಪ್ರಿಂಕ್ಲರ್ ಹೊರಡಿಸಬೇಕು. ಹೂವಾದ ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಟ್ಟಲು ನೆರವಾಗುವ ಎರಡನೆಯ ಮಳೆ, ಬರಬೇಕು. ಸೆಂಟಿನ ಲೆಕ್ಕ ತಪ್ಪಿದರೆ ವರ್ಷದ ಫಸಲೇ ತಪ್ಪುವ ಕೃಷಿ ಇದು. ಹೀಗಾಗಿ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅಂಗಳಕ್ಕಿಳಿದು, ಆಲಿಕೆಯ ಕೆಳಗಿನ ಬಾಟಲಿಯ ನೀರನ್ನು ಗೆರೆಯಿರುವ ಗಾಜಿನ ಜಾಡಿಗೆ ಸುರಿದು, ಅಂಕಿಯನ್ನು ಡೈರಿಗೆ ಇಳಿಸುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ನಡೆದಿದೆ. ದೊಡ್ಡ ಎಸ್ಟೇಟುಗಳ ಕಚೇರಿಯಲ್ಲಿ ರೈಟರು ಬರೆದ ಹಳೆಯ ಪುಸ್ತಕಗಳಿವೆ, ಸಣ್ಣ ಹಿಡುವಳಿದಾರರ ಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನ ಅಂಕಿಗಳಿವೆ. ಈಗಂತೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಶುಭೋದಯಕ್ಕೆ ಮೊದಲು ಬರುವುದೇ "ನಮ್ಮಲ್ಲಿ ಎರಡು ಮೂವತ್ತೈದು, ನಿಮ್ಮಲ್ಲಿ ಎಷ್ಟಾಯ್ತು?" ಎಂಬ ಪ್ರಶ್ನೆ.

ಈ ಡೈರಿಗಳ ಬೆಲೆ ಏನೆಂದರೆ, ಗುಡ್ಡದ ಈಚೆಗೂ ಆಚೆಗೂ ಇರುವ ವ್ಯತ್ಯಾಸವನ್ನು ಅವು ಬಲ್ಲವು. ತಾಲ್ಲೂಕಿನ ಸರಾಸರಿ ಎಂಬುದು ಕೊಡಗಿನಲ್ಲಿ ಅರ್ಥವಿಲ್ಲದ ಅಂಕಿ. ಸೋಮವಾರಪೇಟೆ ತಾಲ್ಲೂಕಿನಲ್ಲಿ ಪುಷ್ಪಗಿರಿಯ ಬುಡದ ಶಾಂತಳ್ಳಿಯೂ ಇದೆ, ಬಯಲಿಗೆ ತಾಗಿದ ಶನಿವಾರಸಂತೆ, ಕೊಡ್ಲಿಪೇಟೆಗಳೂ ಇವೆ. ಪೊನ್ನಂಪೇಟೆ ತಾಲ್ಲೂಕಿನಲ್ಲಿ ಬಿರುನಾಣಿಯೂ ಇದೆ, ನಾಗರಹೊಳೆಯ ಮಗ್ಗುಲಿನ ಬಾಳೆಲೆಯೂ ಇದೆ. ಇವುಗಳ ಮಳೆಯನ್ನು ಕೂಡಿಸಿ ಭಾಗಿಸಿದಾಗ ಬರುವ ಸರಾಸರಿ ಎಲ್ಲಿಯೂ ಬೀಳದ ಮಳೆ. ಹೋಬಳಿಯ ಅಂಕಿ ಅದಕ್ಕಿಂತ ಮೇಲು. ಊರಿನ ಅಂಕಿ ಅದಕ್ಕಿಂತಲೂ ಮೇಲು. ಪ್ರತಿ ಪಂಚಾಯಿತಿಯಲ್ಲಿ ನಂಬಿಕಸ್ಥರಾದ ನಾಲ್ಕಾರು ಬೆಳೆಗಾರರನ್ನು ಗುರುತಿಸಿ, ಅವರ ಮಾಪಕಗಳು ಮರದ ಹನಿ, ಸೂರಿನ ನೀರು ತಾಗದಂತೆ ಬಯಲಿನಲ್ಲಿವೆಯೇ ಎಂದು ಒಮ್ಮೆ ಪರಿಶೀಲಿಸಿ, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಂಕಿ ಕಳುಹಿಸುವ ಏರ್ಪಾಡು ಮಾಡಿದರೆ ಸರ್ಕಾರಕ್ಕೆ ಹೆಚ್ಚಿನ ಖರ್ಚೇ ಇಲ್ಲ. ಸರ್ಕಾರಿ ಯಂತ್ರ ಕೆಟ್ಟ ದಿನ ಇದು ನೆರವಿಗೆ ಬರುತ್ತದೆ. ಎರಡೂ ಅಂಕಿಗಳು ತೀರ ಬೇರೆಯಾದ ದಿನ ಯಾವುದೋ ಒಂದು ತಪ್ಪಿದೆ ಎಂಬುದಾದರೂ ತಿಳಿಯುತ್ತದೆ. ಸ್ವಯಂಚಾಲಿತ ಮಾಪಕದ ಬಾಯಿಗೆ ಎಲೆ ಬಿದ್ದು ಮುಚ್ಚಿಕೊಂಡರೆ ಜೋರು ಮಳೆಯಲ್ಲೂ ಅದು ಸೊನ್ನೆ ತೋರಿಸಬಹುದಾದ ಸಾಧನ ಎಂಬುದನ್ನು ಮರೆಯುವಂತಿಲ್ಲ.

ಇಷ್ಟೆಲ್ಲ ಹೇಳುವಾಗ ಹವಾಮಾನ ಇಲಾಖೆಯನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ರೆಡ್ ಅಲರ್ಟ್ ಕೊಟ್ಟ ದಿನ ಬಿಸಿಲು ಬಂದರೆ ಬಸ್ ನಿಲ್ದಾಣದಲ್ಲಿ ನಗುವವರು ಬಹಳ. ಶಾಲೆಗೆ ರಜೆ ಕೊಟ್ಟ ದಿನ ಕುಶಾಲನಗರದಲ್ಲಿ ಹನಿಯೂ ಬೀಳದಿದ್ದರೆ ತಮ್ಮನ್ನೂ ಬಿಡುವುದಿಲ್ಲ. ನನಗೆ ಆ ನಗು ಹಿಡಿಸುವುದಿಲ್ಲ. ಮುನ್ಸೂಚನೆ ಎಂಬುದು ಸಾಧ್ಯತೆಯ ಮಾತು. 4,102 ಚದರ ಕಿಲೋಮೀಟರಿನ, ಒಂದು ಮಗ್ಗುಲಲ್ಲಿ ಮಲೆಯೂ ಇನ್ನೊಂದರಲ್ಲಿ ಬಯಲೂ ಇರುವ ಜಿಲ್ಲೆಗೆ ಒಂದೇ ಬಣ್ಣ ಬಳಿದಾಗ ಅದು ಎಲ್ಲೋ ಒಂದೆಡೆ ಹೊಂದದೇ ಇರುವುದು ಸಹಜ. ಎಲ್ಲಿ ಹೊಂದಲಿಲ್ಲವೋ ಆ ಊರಿನವನು ಮುಂದಿನ ಎಚ್ಚರಿಕೆಯನ್ನು ನಂಬುವುದಿಲ್ಲ ಎಂಬುದು ಮಾತ್ರ ನಿಜವಾದ ನಷ್ಟ. ನಾಳೆಯ ಬಣ್ಣದ ಜೊತೆಗೆ ಈವರೆಗೆ ಬಿದ್ದ ಮಳೆಯ ಅಂಕಿಯೂ ಕಣ್ಣೆದುರಿಗಿದ್ದರೆ ಎಚ್ಚರಿಕೆಗೆ ಒಂದು ಆಧಾರ ಸಿಗುತ್ತದೆ. ಬರಲಿರುವ ಮಳೆಯನ್ನು ಜನ ಅನುಮಾನಿಸಬಹುದು, ಬಿದ್ದ ಮಳೆಯನ್ನು ಅನುಮಾನಿಸುವುದಿಲ್ಲ.

ಅಂಕಿಯನ್ನು ಜನರಿಗೆ ತಲುಪಿಸುವ ಬಗೆಯ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಮೊಬೈಲಿಗೆ ಬರುವ ಸಂದೇಶವನ್ನೇ ನೆಚ್ಚಿಕೊಂಡರೆ ಅದು ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಕೈಕೊಡುತ್ತದೆ. ಗಾಳಿ ಎದ್ದು ಮರ ಬಿದ್ದು ಕರೆಂಟ್ ಹೋದರೆ ಒಳಗಿನ ಊರುಗಳಲ್ಲಿ ದಿನಗಟ್ಟಲೆ ಕತ್ತಲು. ಟವರಿನ ಬ್ಯಾಟರಿ ಮುಗಿದು ಡೀಸೆಲ್ ತಲುಪದಿದ್ದರೆ ಫೋನು ಬರಿಯ ಟಾರ್ಚು. ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ಸಹಕಾರ ಸಂಘ, ಹಾಲಿನ ಡೈರಿ ಇವುಗಳ ಮುಂದೆ ಒಂದು ಕಪ್ಪು ಹಲಗೆ ಇಟ್ಟು, ನಿನ್ನೆ ಇಷ್ಟು, ಮೂರು ದಿನಕ್ಕೆ ಇಷ್ಟು, ಹತ್ತು ದಿನಕ್ಕೆ ಇಷ್ಟು ಎಂದು ಸುಣ್ಣದ ಕಡ್ಡಿಯಲ್ಲಿ ಬರೆಯುವುದಕ್ಕೆ ಯಾವ ಟವರೂ ಬೇಡ. ಇಂಚಿನಲ್ಲೂ ಬರೆಯಲಿ, ಮಿಲಿಮೀಟರಿನಲ್ಲೂ ಬರೆಯಲಿ.

ಆ ಹಲಗೆಯನ್ನೂ ಓದಲಾಗದವರು ಈ ಜಿಲ್ಲೆಯಲ್ಲಿದ್ದಾರೆ. ಅಸ್ಸಾಂ, ಬಂಗಾಳ, ಜಾರ್ಖಂಡಿನಿಂದ ಬಂದು ತೋಟದ ಲೈನ್‌ಮನೆಗಳಲ್ಲಿ ವಾಸಿಸುವ ಕುಟುಂಬಗಳಿಗೆ ಕನ್ನಡ ಬಾರದು, ಈ ಮಣ್ಣಿನ ಸ್ವಭಾವ ತಿಳಿಯದು, ಊರಿನ ಗುಂಪಿನಲ್ಲಿ ಅವರ ನಂಬರ್ ಇರುವುದಿಲ್ಲ. ಲೈನ್‌ಮನೆಗಳು ಎಷ್ಟೋ ಕಡೆ ಬರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲೋ ತೋಡಿನ ಅಂಚಿನಲ್ಲೋ ಇವೆ. ಬಾವಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನೆಲದಲ್ಲಿ ಹೊಸ ಒರತೆ ಎದ್ದರೆ, ನೆಟ್ಟಗಿದ್ದ ಮರ ಓರೆಯಾದರೆ, ಹರಿಯುತ್ತಿದ್ದ ತೋಡು ಮಳೆಯಲ್ಲೇ ಸಣ್ಣಗಾದರೆ ಅಲ್ಲಿ ನಿಲ್ಲಬಾರದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದಂತೆ ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಹೊಣೆಯನ್ನು ತೋಟದ ಮಾಲೀಕರ ಮೇಲೆ ಲಿಖಿತವಾಗಿ ಹೊರಿಸಿ, ಆ ಕುಟುಂಬಗಳ ಭಾಷೆಯಲ್ಲೇ ಒಂದು ಪುಟದ ಸೂಚನೆ ಅಚ್ಚುಹಾಕಿಸಿ ಪ್ರತಿ ಲೈನ್‌ಮನೆಗೆ ತಲುಪಿಸುವ ಆದೇಶ ತಮ್ಮಿಂದ ಬರಬೇಕು. ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯದ ನದಿದಂಡೆಯ ನಿವಾಸಿಗಳದು ಬೇರೆ ಕಥೆ. ಅವರಿಗೆ ಹೊಳೆಯ ಮಟ್ಟ ಕಣ್ಣಿಗೆ ಕಾಣುತ್ತದೆ, ಆದರೆ ಅದು ಏರುವುದು ಮೇಲೆ ಭಾಗಮಂಡಲದಲ್ಲಿ ಸುರಿದ ಮಳೆಯಿಂದ. ಅಲ್ಲಿನ ಮೂರು ದಿನದ ಅಂಕಿ ಇಲ್ಲಿನ ಹಲಗೆಯ ಮೇಲಿದ್ದರೆ ಕಾಳಜಿ ಕೇಂದ್ರಕ್ಕೆ ರಾತ್ರಿ ಓಡುವ ಬದಲು ಹಗಲಿನಲ್ಲೇ ಮಕ್ಕಳು ಮರಿಗಳೊಂದಿಗೆ ಹೊರಡಬಹುದು.

ಬರೆಯ ಮಾತು ಬಂದದ್ದರಿಂದ ಒಂದೆರಡು ಮಾತು. ಮಳೆಗಾಲದಲ್ಲಿ ಮರ, ಮರಳು ಸಾಗಿಸುವ ಭಾರಿ ವಾಹನಗಳಿಗೆ ತಡೆ ಹಾಕುವ ಆದೇಶಗಳು ಹೊರಡುತ್ತವೆ, ಒಳ್ಳೆಯದೇ. ಆದರೆ ಗುಡ್ಡಕ್ಕೆ ಪೆಟ್ಟು ಬೀಳುವುದು ಜನವರಿಯಿಂದ ಮೇ ತನಕ, ನೆಲ ಗಟ್ಟಿಯಿದ್ದು ಜೆಸಿಬಿಗೆ ಹಿತವಾಗಿರುವ ದಿನಗಳಲ್ಲಿ. ಹೋಂಸ್ಟೇಯ ಪಾರ್ಕಿಂಗಿಗೆ, ಮನೆಯ ಅಂಗಳಕ್ಕೆ, ತೋಟದೊಳಗೆ ಪಿಕಪ್ ಬರಲಿ ಎಂದು ರಸ್ತೆಗೆ, ಇಳಿಜಾರಿನ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಬಿಡುತ್ತಾರೆ. ಕಡಿಸುವವರಲ್ಲಿ ಹೊರಗಿನಿಂದ ಬಂದವರಷ್ಟೇ ಅಲ್ಲ, ನಾವು ಬೆಳೆಗಾರರೂ ಇದ್ದೇವೆ. ಪ್ರವಾಸಿಗರನ್ನೇ ಬೈದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಇಂಥ ಕಡಿತಕ್ಕೆ ಅನುಮತಿ ಕೊಡುವಾಗ ಕಡತದಲ್ಲಿ ಸರ್ವೆ ನಂಬರ್, ಪಹಣಿ, ನಕ್ಷೆ ಇರುತ್ತವೆ. ಆ ಜಾಗದಲ್ಲಿ ಹತ್ತು ದಿನಕ್ಕೆ ಬೀಳಬಹುದಾದ ಅತಿ ಹೆಚ್ಚಿನ ಮಳೆ ಎಷ್ಟು, ಆ ನೀರು ಹೋಗುವ ದಾರಿ ಯಾವುದು ಎಂಬ ಎರಡು ಪ್ರಶ್ನೆಗಳಿಗೂ ಅರ್ಜಿಯಲ್ಲಿ ಜಾಗವಿರಲಿ. ಉತ್ತರಕ್ಕೆ ನೆರೆಮನೆಯ ಡೈರಿ ಸಾಕು.

ನಮ್ಮ ಮಳೆಯ ಲೆಕ್ಕವನ್ನು ಇಡೀ ರಾಜ್ಯ ಇಡುತ್ತದೆ ಎಂಬುದು ನಿಜ. ಕೃಷ್ಣರಾಜಸಾಗರ 124.80 ಅಡಿ ಮುಟ್ಟಲು ಇನ್ನೆಷ್ಟು ಬಾಕಿ ಎಂದು ಮಂಡ್ಯದ ರೈತ ಪ್ರತಿದಿನ ನೋಡುತ್ತಾನೆ, ಅವನ ಬದುಕಿಗೆ ಅದು ಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾದ ಮೇಲೆ ಬೆಂಗಳೂರು ಇನ್ನಷ್ಟು ನೋಡುತ್ತದೆ. ಕೊಡಗಿನಲ್ಲಿ ಮಳೆ ಬಿರುಸು ಎಂದು ಟಿವಿಯಲ್ಲಿ ಬಂದರೆ ಕೆಳಗಿನವರಿಗೆ ಸಂತೋಷ, ಅದರಲ್ಲಿ ತಪ್ಪೇನೂ ಇಲ್ಲ. ತಮ್ಮ ಪ್ರಕಟಣೆಯ ಈಗಿನ ರೂಪವೂ ಅದೇ ಪ್ರಶ್ನೆಗೆ, ಅಂದರೆ ಅಣೆಕಟ್ಟಿಗೆ ಎಷ್ಟು ಬಂತು ಎಂಬುದಕ್ಕೆ ಉತ್ತರ ಕೊಡುವಂತಿದೆ. ಮಳೆ ಮೊದಲು ಬೀಳುವುದು ಇಲ್ಲಿಯ ಗುಡ್ಡಗಳ ಮೇಲೆ, ಅದರ ಬುಡದಲ್ಲಿ ಮಲಗಿರುವವರ ಪ್ರಶ್ನೆಗೂ ಅದೇ ಹಾಳೆಯಲ್ಲಿ ಉತ್ತರ ಬೇಕು. ಸಂತ್ರಸ್ತರಿಗಾಗಿ ಕಟ್ಟಿದ ಕರ್ಣಂಗೇರಿ, ಮದೆನಾಡು, ಜಂಬೂರಿನ ಹೊಸ ಮನೆಗಳಿಗೆ ಹೋಗಿ ಹಳೆಯ ಊರನ್ನು ಬಿಟ್ಟವರು ಅಂಕಿಯ ಬೆಲೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ತಾವೇ. ಆದ್ದರಿಂದ ಇದಕ್ಕೆ ವಿಧಾನಸೌಧದ ಕಡೆ ನೋಡಬೇಕಾಗಿಲ್ಲ, ಅನುದಾನಕ್ಕೆ ಕಾಯಬೇಕಾಗಿಲ್ಲ. ಅಂಕಿಗಳನ್ನು ಕೂಡಿಸಲು ಕಚೇರಿಯ ಕಂಪ್ಯೂಟರಿಗೆ ನಿಮಿಷ ಸಾಕು. ಜೂನ್ ಒಂದಕ್ಕೆ ಪ್ರಕಟಣೆಯಲ್ಲಿ ಹೊಸ ಕಾಲಂ ಬರಲಿ, ಪುನರ್ವಸು ಮಳೆ ಹುಟ್ಟುವುದರೊಳಗೆ ಹಲಗೆಗಳು ಏಳಲಿ, ಊರಿನ ಡೈರಿಗಳನ್ನು ಸೇರಿಸುವ ಕೆಲಸ ಈ ವರ್ಷ ನಾಲ್ಕೈದು ಪಂಚಾಯಿತಿಗಳಲ್ಲಿ ನಡೆದು ಬರುವ ವರ್ಷಕ್ಕೆ ಹಬ್ಬಲಿ. ನನ್ನ ಮನೆಯ ಮಳೆ ಪುಸ್ತಕಗಳನ್ನು ನಕಲು ಮಾಡಿಕೊಳ್ಳಲು ಕೊಡಲು ಸಿದ್ಧನಿದ್ದೇನೆ. ನೆರೆಯ ಕೆಲವರೂ ಒಪ್ಪಿದ್ದಾರೆ. ಅವನ್ನು ಯಾವ ಕಚೇರಿಗೆ, ಯಾರ ಬಳಿಗೆ ತರಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. ಹಳೆಯ ಪುಸ್ತಕಗಳ ಕಾಗದ ತೇವಕ್ಕೆ ಮೆತ್ತಗಾಗಿದೆ, ಆದ್ದರಿಂದ ಮಳೆ ಹಿಡಿಯುವ ಮೊದಲೇ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮಡಿಕೇರಿ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ